ಮದ್ದಿನಮನೆಯ ಓಲೆ

ಹೆಸರಿಲ್ಲದ ದೂರನ್ನು ಬರೆಯುವವನು ಒಬ್ಬನೇ ಎಂದು ಆಗ ಎಲ್ಲರೂ ನಂಬಿದ್ದರು. ಆ ನಂಬಿಕೆಯ ಮೇಲೆಯೇ ಡಂಗುರ ಹೊರಟಿತು: ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು, ತಪ್ಪಿದವರ ತಲೆ ಉಳಿಯುವುದಿಲ್ಲ.

ಕಾರಣ, ಅರಮನೆಯ ದೂರಿನ ಪೆಟ್ಟಿಗೆಯಲ್ಲಿ ಸಿಕ್ಕ ಒಂದು ಓಲೆ. ‘ಮದ್ದಿನಮನೆಯಲ್ಲಿ ಒನಕೆಗೆ ಕಬ್ಬಿಣ ಹಾಕಿಸಿದ್ದಾರೆ. ಇಬ್ಬರು ಸತ್ತರು.’ ಅಷ್ಟೇ. ಕೋವಿಮದ್ದನ್ನು ಬರಿಯ ಮರದ ಒನಕೆಯಲ್ಲಿ ಕುಟ್ಟಬೇಕು. ಕಬ್ಬಿಣ ತಾಗಿದರೆ ಕಿಡಿ. ಮದ್ದಿನಮನೆಯ ಪಾರುಪತ್ಯೆಗಾರ ತಿಮ್ಮರಾಜಯ್ಯನಿಗೆ ಕೆಲಸ ಬೇಗ ಮುಗಿಯಬೇಕಿತ್ತು. ಓಲೆ ಬಂದಮೇಲೂ ಅವನು ಒನಕೆ ಬದಲಿಸಲಿಲ್ಲ. ಕೆಲಸದವರ ಮಧ್ಯಾಹ್ನದ ಅಂಬಲಿ ನಿಲ್ಲಿಸಿದ. ಅಕ್ಷರ ಬಲ್ಲ ನಾಲ್ವರಿಂದ ಬರೆಸಿ ನೋಡಿದ. ಯಾರ ಕೈಬರಹವೂ ಹೊಂದಲಿಲ್ಲ. ದೂರು ಕೊಟ್ಟವರ ಹೆಸರು ಕೇಳಕೂಡದೆಂದು ಹಳೆಯ ಶಾಸನ ಬೇರೆ ಇತ್ತು.

“ಒಗಟು ಕೇಳಬಾರದು ಅಂತ ಶಾಸನದಲ್ಲಿಲ್ಲ, ಮಹಾಸ್ವಾಮಿ,” ಎಂದ ತಿಮ್ಮರಾಜಯ್ಯ. “ಬರೆದವನಿಗಷ್ಟೇ ಗೊತ್ತಿರೋದನ್ನ ಕೇಳೋಣ. ಬಿಡಿಸಿದವನೇ ಬರೆದವನು. ಆಮೇಲೆ ನನಗೆ ಬಿಡಿ.”

ಅರಸನಿಗೆ ಇದು ಜಾಣತನವೆನಿಸಿತು. ಅರಸರಿಗೆ ಹಾಗೆ ಅನಿಸುವುದುಂಟು.

ಮೊದಲ ಒಗಟು: ಕರಿಯ, ಬಿಳಿಯ, ಹಳದಿಯ, ಮೂವರೂ ಬೇರೆಯಿದ್ದರೆ ಸಾಧುಗಳು, ಕೂಡಿದರೆ ಮನೆ ಉಳಿಯದು. ಆಸ್ಥಾನದ ಪಂಡಿತ ಯೋಚಿಸಿ, “ಸವತಿಯರು,” ಎಂದ. ಮರುದಿನ ತಲೆ ತೆಗೆಯಲೆಂದು ಅವನನ್ನು ಸೆರೆಗೆ ಎಳೆದೊಯ್ದರು. ಕುದುರೆ ಸವಾರನೊಬ್ಬ, “ದಾಯಾದಿಗಳು,” ಎಂದ. ಅವನೂ ಹೋದ.

ಮೂರನೆಯವಳಾಗಿ ಬಂದವಳು ಮದ್ದಿನಮನೆಯಲ್ಲಿ ಇದ್ದಿಲು ಜರಡಿ ಹಿಡಿಯುವ ಬೈರಿ. ಅವಳ ತಮ್ಮ ಒನಕೆಯ ಪಾಳಿಯಲ್ಲಿದ್ದ.

“ಇದ್ದಿಲು, ಪೆಟ್ಲುಪ್ಪು, ಗಂಧಕ. ಕೂಡಿದರೆ ಕೋವಿಮದ್ದು, ಬುದ್ಧಿ.”

ತಿಮ್ಮರಾಜಯ್ಯ ಮುಂದಕ್ಕೆ ಬಾಗಿದ. “ಬರಿಗಾಲಲ್ಲಿ ಕುಣಿದರೆ ಕೆಲಸವಾಗುತ್ತೆ, ಕಾಲಿಗೆ ಬಳೆ ತೊಟ್ಟು ಕುಣಿದರೆ ಹೆಣ ಬೀಳುತ್ತೆ. ಯಾರು?”

“ಒನಕೆ. ಬಳೆ ತೊಡಿಸಿದವರು ತಾವೇ.”

ಯಾರೋ ಕೆಮ್ಮಿದರು. ತಿಮ್ಮರಾಜಯ್ಯ ನಕ್ಕ, ಅವನಿಗೆ ಬೇಕಾದವಳು ಸಿಕ್ಕಿದ್ದಳು. “ಬಾಯಿಲ್ಲದೆ ಮಾತಾಡಿತು, ಕಾಲಿಲ್ಲದೆ ಅರಮನೆಗೆ ಬಂತು. ಏನದು? ಅದನ್ನು ಹೆತ್ತವರು ಯಾರು?”

“ದೂರಿನ ಓಲೆ,” ಎಂದಳು ಬೈರಿ. ತಲೆ ಕಡಿಯಲು ನಿಂತಿದ್ದವನು ಕತ್ತಿಯ ಹಿಡಿ ಮುಟ್ಟಿದ. “ಹೆತ್ತವರು ಕಬ್ಬಿಣ ಹಾಕಿಸಿದವರು, ಬುದ್ಧಿ. ಹಾಕಿಸದೆ ಇದ್ದಿದ್ರೆ ಅದು ಹುಟ್ತಾನೇ ಇರಲಿಲ್ಲ.”

“ಇವಳೇ ಬರೆದವಳು,” ಎಂದ ತಿಮ್ಮರಾಜಯ್ಯ.

ಅರಸ ಕೇಳಿದ: “ನಿನಗೆ ಬರೆಯೋಕೆ ಬರುತ್ತದೇನು?”

“ಒಂದಕ್ಷರ ಬರುತ್ತೆ, ಬುದ್ಧಿ.”

ಮರಳು ಹಾಸಿದರು. ಅವಳು ‘ಣ’ ಬರೆದಳು, ನಾಲಿಗೆ ಕಚ್ಚಿಕೊಂಡು.

“ಇನ್ನೊಂದು ಬರಿಯೇ,” ಎಂದ ತಿಮ್ಮರಾಜಯ್ಯ.

“ಬರಲ್ಲ. ಇದಕ್ಕೇ ಹದಿನೈದು ದಿನ ಹಿಡೀತು.”

ಸಭೆ ನಕ್ಕಿತು. ಬರಿಯ ‘ಣ’ದಿಂದ ದೂರು ಬರೆಯಲಾಗದೆಂಬುದು ಅರಸನಿಗೂ ತಿಳಿಯಿತು. ಏನು ಬೇಕೆಂದು ಕೇಳಿದ.

“ಒನಕೆಯ ಕಬ್ಬಿಣ ಇವತ್ತೇ ಬಿಚ್ಚಿಸಿ. ಅಂಬಲಿ ಕೊಡಿಸಿ. ಸೆರೆಯಲ್ಲಿರೋ ಇಬ್ಬರನ್ನ ಬಿಡಿ, ಪಾಪ, ಅವರಿಗೆ ಏನೂ ಗೊತ್ತಿಲ್ಲ.”

ಕೊಟ್ಟ ಮಾತು ಕೊಟ್ಟದ್ದೇ. ಕಬ್ಬಿಣ ಬಿಚ್ಚಿದರು. ಕುಟ್ಟುವ ಕೆಲಸಕ್ಕೆ ತಿಮ್ಮರಾಜಯ್ಯನನ್ನೇ ಹಾಕಿದರು. ಓಲೆ ಬರೆದ ಆ ಒಬ್ಬನನ್ನು ಅರಮನೆ ಇನ್ನೂ ಹತ್ತು ವರ್ಷ ಹುಡುಕಿತು.

ಓಲೆಯ ಇಪ್ಪತ್ತೈದು ಅಕ್ಷರಗಳನ್ನು ಮದ್ದಿನಮನೆಯ ಇಪ್ಪತ್ತೈದು ಜನ ತಲೆಗೊಂದರಂತೆ ಬರೆದಿದ್ದರು.