ಬೇರಿಗೆ ಜಾರಿದ ಬಾಣ

ಹೈಸ್ಕೂಲಿನ ಟೈಪಿಸ್ಟ್ ನಾನು; ಕಂಪ್ಯೂಟರ್ ಮುಂದೆ ಕೂತರೆ ನಮ್ಮ ಹೋಬಳಿಗೇ ನನ್ನಂಥವನು ಇನ್ನೊಬ್ಬನಿಲ್ಲ. ಅಂಥ ನನ್ನನ್ನೂ ಹೆಡ್‌ಮಾಸ್ಟರ್ ಗುರುಪಾದಪ್ಪನವರು ಅಳುವ ಹಾಗೆ ಮಾಡಿಬಿಟ್ಟರು. ಮಕ್ಕಳ ಅಭ್ಯಾಸ ಹಾಳೆಯ ಮೇಲ್ಗಡೆ ತಮ್ಮ ಹೆಸರಿಗೆ ಒಂದೊಂದೇ ಪದವಿ ಸೇರಿಸು ಅನ್ನುತ್ತಿದ್ದರು. ಒಂದು ಸಾಲು ಹೆಚ್ಚಾದರೆ ಸಾಕು, ಕೆಳಗಿನ ಗಿಡದ ಚಿತ್ರದ ಬಾಣಗಳೆಲ್ಲ ಜಾರುತ್ತಿದ್ದವು. ಕೊನೆಗೆ ‘ಹೂವು’ ಅನ್ನೋ ಬಾಣ ಬೇರಿಗೆ ಹೋಗಿ ಚುಚ್ಚಿತು.

“ಗಂಟೆ ಹೊಡೆಯೋದರೊಳಗೆ ಹಾಳೆ ಕೊಡು. ಇಲ್ಲಾಂದ್ರೆ ನಾಳೆಯಿಂದ ಬರಬೇಡ.”

ಉಳಿದದ್ದು ಎರಡೇ ನಿಮಿಷ. ಬಾಣ ಮುಟ್ಟಲಿಲ್ಲ. ಕೆಳಗೊಂದು ಸಾಲು ಟೈಪ್ ಮಾಡಿ ಪ್ರಿಂಟ್ ತೆಗೆದೆ: ‘ಬಾಣಗಳು ತಪ್ಪು ಭಾಗ ತೋರಿಸುತ್ತಿವೆ. ಸರಿಪಡಿಸಿ.’

“ಭೇಷ್, ತಲೆ ಓಡಿಸೋ ಪ್ರಶ್ನೆ. ಯಾರದಪ್ಪಾ ಇದು?”

“ಮೇಲೆ ನಿಮ್ಮ ಹೆಸರೇ ಇದೆಯಲ್ಲ ಸಾರ್.”

ಅವರು ಮೀಸೆ ಸವರಿಕೊಂಡರು. “ಹೌದಲ್ವಾ. ಹಾಗಾದ್ರೆ ಎಲ್ಲಾ ಪಾಠಕ್ಕೂ ಹೀಗೇ ಮಾಡಿಬಿಡು.”

ನನ್ನ ನೌಕರಿ ಉಳಿಯಿತು. ಈಗ ಎದುರಿಗೆ ಕಣ್ಣಿನ ಚಿತ್ರವಿದೆ. ಜಾರಲಿ ಅಂತ ಸಾಹೇಬರ ಪದವಿಗಳನ್ನೆಲ್ಲ ಎರಡೆರಡು ಸಲ ಹಾಕಿದೆ. ಹಾಳು ಬಾಣ, ಒಂದೂ ಅಲುಗುತ್ತಿಲ್ಲ.