ಎಳ್ಳಷ್ಟು ಸಂದು

"ನನ್ನ ರಾಜ್ಯದಲ್ಲಿ ನೀರು ಇಳಿಯುತ್ತದೆಯೇ ಹೊರತು ಹತ್ತುವುದಿಲ್ಲ! ಹತ್ತಬೇಕಾದರೆ ಏತ ಬೇಕು, ಎತ್ತು ಬೇಕು, ಎಲ್ಲಕ್ಕಿಂತ ಮೊದಲು ನನ್ನ ಅಪ್ಪಣೆ ಬೇಕು!"

ಚಂದನಗಿರಿಯ ದೊರೆ ಮಾರಭೂಪ ಹೀಗೆ ಗುಡುಗಿದ್ದಕ್ಕೆ ಕಾರಣ ಉಪ್ಪಿನಕಾಯಿ.

ಅವನ ಅಜ್ಜಿ ತನಗೆ ಗೊತ್ತಿದ್ದ ಉಪ್ಪಿನಕಾಯಿಗಳನ್ನೆಲ್ಲ ಮಾಡುವ ಬಗೆಯನ್ನು ತಾಳೆಗರಿಯ ಮೇಲೆ ಬರೆಸಿಟ್ಟಿದ್ದಳು. ಓಲೆಕೋಣೆಯಲ್ಲಿದ್ದ ಆ ಎರಡು ಕಟ್ಟುಗಳು ಹಿಂದಿನ ದಿನದ ಮಳೆಗೆ ನೆನೆದುಹೋಗಿದ್ದವು. ಯುದ್ಧದಲ್ಲಿ ಸೋತ ದಿನವೂ ಊಟ ಬಿಡದ ದೊರೆ ಅಂದು ಎಲೆಯ ಮುಂದಿನಿಂದ ಎದ್ದು ಬಂದಿದ್ದ.

ಎದುರಿಗೆ ನಿಂತಿದ್ದವಳು ಬಾಚಲಕ್ಕ. ಇಪ್ಪತ್ತೆಂಟು ವರ್ಷದಿಂದ ಓಲೆಕೋಣೆ ಕಾಯುತ್ತಿದ್ದವಳು. ಆ ಕೋಣೆಯೇ ಅವಳ ಮನೆ, ಸೊಂಟದ ಬೀಗದ ಕೈಯೇ ಅವಳ ಒಡವೆ.

"ಬುದ್ಧೀ, ಕಟ್ಟುಗಳು ಮೇಲಿನ ಹಲಗೇಲಿ ಇದ್ವು. ಅವಧಾನಿಗಳು ತಮ್ಮ ಪದ್ಯ ಇಡೋಕೆ ಜಾಗ ಬೇಕು ಅಂತ ಅವನ್ನ ಇಳಿಸಿ, ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದ್ರು. ಮಳೆ ನೀರು ಒಳಗೆ ಬಂತು."

ಗುಂಡಾವಧಾನಿ ಆಸ್ಥಾನದ ಪಂಡಿತ. ದೊರೆಯನ್ನು ಹೊಗಳಿ ಹನ್ನೆರಡು ಕಟ್ಟು ಪದ್ಯ ಬರೆದವನು. ಸಿಂಹಾಸನಕ್ಕೆ ಒತ್ತಿಕೊಂಡೇ ಅವನ ಪೀಠ. ಅವನು ದೊರೆಯ ಕಿವಿಗೆ ಬಾಯಿ ಹಚ್ಚಿ, ಸಭೆಗೆಲ್ಲ ಕೇಳುವ ಹಾಗೆ ಪಿಸುಗುಟ್ಟಿದ.

"ಇಳಿಸಿದ್ದು ನಿಜ, ಪ್ರಭು. ಆದರೆ ನೆಲದಲ್ಲಿ ನಿಂತ ನೀರು ಅರ್ಧ ಬೆರಳು. ಓಲೆ ನೆನೆದದ್ದು ಒಂದು ಗೇಣು! ನೀವೇ ಲೆಕ್ಕ ಹಾಕಿ. ಮಿಕ್ಕಿದ್ದನ್ನು ಈ ಹೆಂಗಸು ನನ್ನ ಮೇಲಿನ ಸಿಟ್ಟಿಗೆ ತಾನೇ ಸುರಿದಿದ್ದಾಳೆ."

"ಎಳ್ಳಷ್ಟೂ ಅನುಮಾನವಿಲ್ಲ," ಎಂದ ದೊರೆ. "ಬಾಚಲಕ್ಕ, ಬೀಗದ ಕೈ ಕೆಳಗಿಡು. ನಾಳೆ ಮಧ್ಯಾಹ್ನದೊಳಗೆ ಊರು ಬಿಡು."

ಬಾಚಲಕ್ಕ ಸೊಂಟದಿಂದ ಬೀಗದ ಕೈ ಬಿಚ್ಚಿ ಸಿಂಹಾಸನದ ಮುಂದೆ ಇಟ್ಟಳು.

ಕಡೆಯ ಸಾಲಿನಿಂದ ದೇಮಣ್ಣ ಎದ್ದ. ಆಸ್ಥಾನದಲ್ಲಿ ಅವನ ಕೆಲಸ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಕೆಲಸ ಕೆಟ್ಟಾಗ ಮಾತ್ರ ಎಲ್ಲರಿಗೂ ಅವನ ನೆನಪಾಗುತ್ತಿತ್ತು. ಅವನು ಎರಡು ಕಟ್ಟುಗಳನ್ನೂ ತಿರುಗಿಸಿ ನೋಡಿದ. ಮೇಲಿನ ತುದಿ ಎರಡರಲ್ಲೂ ಒಣಗಿಯೇ ಇತ್ತು. ಬಿಗಿಯಾಗಿ ಕಟ್ಟಿದ್ದು ಒಂದು ಗೇಣು ನೆನೆದಿತ್ತು, ಸಡಿಲವಾಗಿ ಕಟ್ಟಿದ್ದು ಮೂರೇ ಬೆರಳು.

"ಪ್ರಭು, ಇದು ಮೇಲಿಂದ ಸುರಿದ ನೀರಲ್ಲ, ಕೆಳಗಿಂದ ಹತ್ತಿದ ನೀರು," ಎಂದ.

ದೊರೆ ಏತ, ಎತ್ತು, ಅಪ್ಪಣೆ ಎಂದೆಲ್ಲ ಗುಡುಗಿದ್ದು ಆಗಲೇ. ಅಷ್ಟಕ್ಕೇ ಬಿಡಲಿಲ್ಲ.

"ಹಾಗಾದರೆ ನಾಳೆ ಇದೇ ಸಭೆಯಲ್ಲಿ ನೀರು ಹತ್ತಿಸು! ನೀರಿಗೆ ಕೈ ಸೋಕಿಸಬಾರದು. ಎಷ್ಟು ಬೆರಳು ಹತ್ತುತ್ತದೆಂದು ಮೊದಲೇ ಗುರುತು ಹಾಕಬೇಕು. ತಪ್ಪಿತೋ, ನೀನೂ ಅವಳ ಜೊತೆ ಗಂಟುಮೂಟೆ ಕಟ್ಟು."

"ಆಗಲಿ ಪ್ರಭು. ಅರಮನೆಯ ಕಿಟಕಿಗೆಂದು ತರಿಸಿದ ಎರಡು ಗಾಜಿನ ಹಲಗೆ ಕೊಡಿಸಿ. ಅಲ್ಲಿಯವರೆಗೆ ಎಳ್ಳಷ್ಟು ಅನುಮಾನಕ್ಕೆ ಜಾಗ ಉಳಿಸಿಕೊಂಡಿರಿ."

ಮರುದಿನ ಬೆಳಿಗ್ಗೆ ಸಭೆ ಕಿಕ್ಕಿರಿದಿತ್ತು. ಬಾಚಲಕ್ಕ ಬಟ್ಟೆಗಂಟನ್ನು ಕಂಕುಳಲ್ಲಿ ಹಿಡಿದೇ ಬಂದಿದ್ದಳು. ದೇಮಣ್ಣ ಎರಡು ಗಾಜುಗಳನ್ನು ಜೋಡಿಸಿ ಎಡದ ಅಂಚನ್ನು ಬಿಗಿಯಾಗಿ ಕಟ್ಟಿದ. ಬಲದ ಅಂಚಿನಲ್ಲಿ ಗಾಜುಗಳ ನಡುವೆ ಮೇಲೊಂದು, ಕೆಳಗೊಂದು ಎಳ್ಳು ಸಿಕ್ಕಿಸಿದ.

"ಅವಧಾನಿಗಳೇ, ನಿಮ್ಮ ಲೆಕ್ಕದಲ್ಲಿ ನೀರು ಎಷ್ಟು ಹತ್ತೀತು?"

"ಸೊನ್ನೆ! ನೀರಿಗೇನು ಕಾಲಿದೆಯೇ?"

"ನನ್ನ ಲೆಕ್ಕ ಕೇಳಿ. ಎಳ್ಳಿರುವ ಕಡೆ ಸಂದು ಒಂದು ಎಳ್ಳಿನಷ್ಟು, ಅಲ್ಲಿ ನೀರು ಒಂದು ಬೆರಳು ಏರುತ್ತದೆ. ನಟ್ಟನಡುವೆ ಸಂದು ಅರ್ಧ ಎಳ್ಳು, ಅಲ್ಲಿ ಎರಡು ಬೆರಳು. ಇನ್ನೂ ಎಡಕ್ಕೆ, ಸಂದು ಕಾಲು ಎಳ್ಳಾಗುವಲ್ಲಿ, ನಾಲ್ಕು. ಸಂದು ಅರ್ಧವಾದರೆ ಏರು ಇಮ್ಮಡಿ."

"ಇದು ಯಾವ ಶಾಸ್ತ್ರದಲ್ಲಿದೆಯಯ್ಯಾ?"

"ನನ್ನ ಹೆಂಡತಿಯ ಎಳ್ಳಿನ ಮಡಕೆಯಲ್ಲಿದೆ, ಸ್ವಾಮೀ. ನಿನ್ನೆ ಹೊತ್ತು ಮುಳುಗುವವರೆಗೆ ಕೂತು ಅಳೆದೆ. ಅವಳು ಇನ್ನೂ ಬೈಯುತ್ತಲೇ ಇದ್ದಾಳೆ."

ಹೇಳಿದ ಮೂರು ಕಡೆ ಸುಣ್ಣದ ಬೊಟ್ಟು ಇಟ್ಟು, ದೇಮಣ್ಣ ಗಾಜುಗಳನ್ನು ಕುಂಕುಮ ಕದಡಿದ ನೀರಿನ ತಟ್ಟೆಯಲ್ಲಿ ನಿಲ್ಲಿಸಿ ಕೈಕಟ್ಟಿಕೊಂಡ.

ಕೆಂಪು ನೀರು ಗಾಜಿನ ಸಂದಿಗೆ ನುಗ್ಗಿತು. ಬಲಗಡೆ ಒಂದು ಬೆರಳು ಹತ್ತಿ ನಿಂತಿತು. ನಡುವೆ ಎರಡು. ಎಡಕ್ಕೆ ಹೋದಂತೆ ಬಾಗಿ ಬಾಗಿ ಮೇಲೇರಿ ನಾಲ್ಕನೆಯ ಬೆರಳಿನ ಬೊಟ್ಟನ್ನು ಮುಟ್ಟಿತು. ಓಲೆಕಟ್ಟಿನಂತೆ ಬಿಗಿದು ಕಟ್ಟಿದ ಅಂಚಿನಲ್ಲಂತೂ ಗೇಣನ್ನೂ ದಾಟಿತು.

ದೊರೆ ಸಿಂಹಾಸನದಿಂದ ಇಳಿದು ಬಂದು, ಬಗ್ಗಿ, ತನ್ನ ಬೆರಳಿಟ್ಟೇ ಅಳೆದ. ಮೂರು ಕಡೆಯೂ ಕೆಂಪು ನೀರು ಸರಿಯಾಗಿ ಬೊಟ್ಟಿನವರೆಗೆ ಏರಿತ್ತು. ಬಾಚಲಕ್ಕನ ಕಂಕುಳಿನ ಗಂಟು ನೆಲಕ್ಕೆ ಜಾರಿತು. ಅವಳು ಅಳುತ್ತಲೇ ನಕ್ಕಳು.

"ನೀರು ಹತ್ತಿತು, ಒಪ್ಪಿದೆ," ಎಂದ ದೊರೆ ಸಣ್ಣ ಮುಖ ಮಾಡಿಕೊಂಡು. "ಆದರೆ ಇಪ್ಪತ್ತೆಂಟು ವರ್ಷ ನಂಬಿದ್ದವಳನ್ನು ಒಂದು ಗಳಿಗೆಯಲ್ಲಿ ಹೊರಗಟ್ಟಿದೆನಲ್ಲ ದೇಮಣ್ಣ, ಅದು ಹೇಗೆ?"

"ಅದಕ್ಕೂ ಇದೇ ಲೆಕ್ಕ, ಪ್ರಭು. ಸಂದು ಕಿರಿದಾದಷ್ಟೂ ಏರು ಹೆಚ್ಚು. ಅವಧಾನಿಗಳ ಬಾಯಿಗೂ ತಮ್ಮ ಕಿವಿಗೂ ನಡುವೆ ಎಳ್ಳಷ್ಟೂ ಸಂದಿಲ್ಲ. ಚಾಡಿ ನೇರ ತಲೆಗೇರಿತು!"

ದೊರೆ ಮೊದಲು ಹುಬ್ಬು ಗಂಟಿಕ್ಕಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಬೀಗದ ಕೈಯನ್ನು ತಾನೇ ಎತ್ತಿ ಬಾಚಲಕ್ಕನ ಕೈಗಿತ್ತು "ತಪ್ಪಾಯಿತಮ್ಮ" ಎಂದ. ಹನ್ನೆರಡು ಕಟ್ಟು ಹೊಗಳಿಕೆ ಹಲಗೆಯಿಂದ ಇಳಿಯಿತು. ಅವಧಾನಿಯ ಪೀಠ ಬಾಗಿಲ ಬಳಿಗೆ ಹೋಯಿತು.

"ಎಲ್ಲ ಸರಿ, ಅಜ್ಜಿಯ ಉಪ್ಪಿನಕಾಯಿ ಮಾತ್ರ ನೀರುಪಾಲಾಯಿತಲ್ಲ!" ಎಂದು ದೊರೆ ನಿಟ್ಟುಸಿರುಬಿಟ್ಟ.

"ನಂಗೆಲ್ಲ ಬಾಯಿಪಾಠ ಬುದ್ಧೀ," ಎಂದಳು ಬಾಚಲಕ್ಕ. "ನಿನ್ನೆ ಯಾರೂ ಕೇಳಲೇ ಇಲ್ಲ."

ದೊರೆ ಹಿಗ್ಗಿ ಕೊರಳಿನ ಹಾರ ತೆಗೆದು ದೇಮಣ್ಣನಿಗೆ ಹಾಕಿದ. ಹಾಕಿದ ಮೇಲೆ ಯೋಚನೆಗೆ ಬಿದ್ದ. "ಈ ಅವಧಾನಿ ದೂರ ಹೋದ, ನಿಜ. ನಾಳೆ ಇನ್ನೊಬ್ಬ ಬಂದು ಕಿವಿಗೆ ಅಂಟಿಕೊಂಡರೆ ಏನು ಮಾಡಲಿ?"

ದೇಮಣ್ಣ ಗಾಜಿನ ಸಂದಿನಿಂದ ಎಳ್ಳು ಬಿಡಿಸಿ ದೊರೆಯ ಅಂಗೈಗೆ ಹಾಕಿದ. ಕುಂಕುಮದ ನೀರಿನ ತಟ್ಟೆಯನ್ನು ಮುಂದಕ್ಕೆ ತಳ್ಳಿದ.

"ಎಳ್ಳೂ ಇಲ್ಲೇ ಇದೆ, ನೀರೂ ಇಲ್ಲೇ ಇದೆ, ಪ್ರಭು. ಚಾಡಿ ಕೇಳುವ ಚಟಕ್ಕೆ ಈಗಲೇ ಎಳ್ಳುನೀರು ಬಿಟ್ಟುಬಿಡಿ!"