ಬೇರಕ್ಕ ಆಕಾಶ ಬಿಟ್ಟು ಕೆಳಗಿಳಿದದ್ದು

ಭೂಮಿಗೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ ಅದು. ಹೊಳೆಗಳಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಗಾಳಿಗೆ ಒಂದು ಕಡೆ ನಿಲ್ಲುವ ಬುದ್ಧಿ ಇರಲಿಲ್ಲ. ಈಗಲೂ ಇಲ್ಲ ಬಿಡಿ!

ಆಗ ಒಂದು ಅವರೆಕಾಳಿನೊಳಗೆ ಅಕ್ಕ ತಮ್ಮ ಇಬ್ಬರು ವಾಸವಾಗಿದ್ದರು. ಅಕ್ಕನ ಹೆಸರು ಬೇರಕ್ಕ, ತಮ್ಮನ ಹೆಸರು ಕುಡಿಯಪ್ಪ. ಒಳಗೆಲ್ಲ ಗವ್ವೆನ್ನುವ ಕತ್ತಲು. ಸಿಪ್ಪೆಗೆ ಕಿವಿ ಇಟ್ಟರೆ ಹೊರಗೆ ಹಕ್ಕಿಗಳು, "ಆಹಾ ಆಕಾಶ, ಓಹೋ ಆಕಾಶ" ಅಂತ ಕೂಗುವುದು ಕೇಳುತ್ತಿತ್ತು.

ಬೇರಕ್ಕನ ಜೀವ ಚಡಪಡಿಸುತ್ತಿತ್ತು. "ಒಂದೇ ಒಂದು ಸಲ ಕಣ್ತುಂಬಾ ನೋಡಬೇಕು ಕಣೋ."

"ನನ್ನನ್ನೂ ಕರ್ಕೊಂಡು ಹೋಗು ಅಕ್ಕಾ," ಅನ್ನುತ್ತಿದ್ದ ಕುಡಿಯಪ್ಪ.

ಮೊದಲ ಮಳೆ ಬಂತು. ಸಿಪ್ಪೆ ಬಿರಿಯಿತು. ಇಬ್ಬರೂ ಕೈ ಹಿಡಿದುಕೊಂಡು ಮೇಲಕ್ಕೆ ಬಂದರು. ಆಗ ಎಲ್ಲ ಬೀಜಗಳೂ ಹಾಗೇ ಮಾಡುತ್ತಿದ್ದವು, ಬಂದು ಒಣಗಿ ಹೋಗುತ್ತಿದ್ದವು. ಕೆಳಗೂ ಹೋಗಬಹುದು ಅಂತ ಒಂದಕ್ಕೂ ಹೊಳೆದಿರಲಿಲ್ಲ.

ಅಬ್ಬಾ, ಆಕಾಶ! ಬೇರಕ್ಕ ಬಿಟ್ಟ ಬಾಯಿ ಬಿಟ್ಟಂತೆ ನೋಡಿದಳು. ಒಂದು ಮೂಲೆ ನೋಡಿ ಮುಗಿಸುವಷ್ಟರಲ್ಲೇ ಮಧ್ಯಾಹ್ನವಾಯಿತು. ಬಿಸಿಲು ಚುರುಗುಟ್ಟಿತು. ಪಕ್ಕದಲ್ಲಿ ಕುಡಿಯಪ್ಪನ ತಲೆ ಬಾಗಿತು.

"ಅಕ್ಕಾ, ಬಾಯಾರಿಕೆ."

ಬೇರಕ್ಕ ಕಾಲಡಿಯ ಮಣ್ಣಜ್ಜಿಯನ್ನು ಕೇಳಿದಳು. "ಅಜ್ಜೀ, ಒಂದು ಗುಟುಕು ನೀರು ಕೊಡ್ತೀಯಾ?"

"ನನ್ನ ಮಡಿಲಲ್ಲಿ ಬೇಕಾದಷ್ಟಿದೆ ಮಗಳೇ," ಅಂದಳು ಮಣ್ಣಜ್ಜಿ. "ಆದರೆ ಯಾರಾದರೂ ಇಳಿದು ಬಂದು, ಅಲ್ಲೇ ಇದ್ದು ಅವನಿಗೆ ಕುಡಿಸ್ತಾ ಇರಬೇಕು. ಮೇಲೆ ಹೋದರೆ ನೀರು ನಿಂತಿತು ಅಂತಲೇ ಲೆಕ್ಕ."

"ನಾನೇ ಯಾಕೆ? ಈಗಿನ್ನೂ ಬಂದಿದ್ದೀನಿ, ಸರಿಯಾಗಿ ನೋಡೇ ಇಲ್ಲ!" ಬೇರಕ್ಕನಿಗೆ ಅಳುವೇ ಬಂತು. ಪಾಪ, ಬರದೆ ಇರುತ್ತದೆಯೇ?

ತಮ್ಮನ ಕಡೆ ತಿರುಗಿದಳು. ಅವನ ತುಟಿ ಒಣಗಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿತ್ತು.

"ಹೋಗ್ತೀನಿ ಕಣೋ," ಅಂದಳು.

"ಹಾಗನ್ನಬಾರದು ಅಕ್ಕಾ. ಹೊರಡುವಾಗ ಹೋಗಿ ಬರ್ತೀನಿ ಅನ್ನಬೇಕು."

ಬರುವುದಕ್ಕೆ ಆಗುವುದಿಲ್ಲ ಅಂತ ಅವಳಿಗೆ ಗೊತ್ತು. ಆದರೂ ತಮ್ಮನ ಸಮಾಧಾನಕ್ಕೆ, "ಹೋಗಿ ಬರ್ತೀನಿ," ಅಂದು ಬಗ್ಗಿ ಮಣ್ಣಿಗಿಳಿದಳು.

ಕೆಳಗೆ ಮತ್ತೆ ಅದೇ ಕತ್ತಲು. ಕಲ್ಲು ತಡವಿದಳು, ಎರೆಹುಳುವಿನ ಹತ್ತಿರ ದಾರಿ ಕೇಳಿದಳು. ಕೊನೆಗೆ ನೀರು ಸಿಕ್ಕಿತು. ಒಂದೊಂದೇ ಗುಟುಕು ಮೇಲಕ್ಕೆ ಕಳಿಸಿದಳು. ಮೇಲಿಂದ ಕುಡಿಯಪ್ಪನ ದನಿ ಬಂತು: "ಅಕ್ಕಾ, ಜೀವ ಬಂತು!"

ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಒಂದು ಕೋಳಿ ಬಂತು. ಕೆದಕದಿದ್ದರೆ ಅದಕ್ಕೆ ತಿಂದದ್ದು ಸೇರುತ್ತದೆಯೇ! ಪರಪರ ಅಂತ ಕೆದಕಿತು, ಇಬ್ಬರ ಸಮೇತ ಕಾಳು ಉಲ್ಟಾ ಬಿತ್ತು. ತಮ್ಮನ ಮುಖ ಮಣ್ಣಲ್ಲಿ, ಬೇರಕ್ಕ ಮೇಲೆ.

ಕಣ್ಣು ಬಿಟ್ಟರೆ ಆಕಾಶ! ಅಷ್ಟೂ ಆಕಾಶ. ಬೇರಕ್ಕ ತಾನಾಗಿ ಬಂದದ್ದಲ್ಲ, ಯಾರೂ ಬೈಯುವ ಹಾಗೂ ಇರಲಿಲ್ಲ.

ಮಣ್ಣೊಳಗಿಂದ ಸಣ್ಣ ದನಿ ಕೇಳಿಸಿತು. "ಬಂದ್ಯಾ ಅಕ್ಕಾ? ಬರ್ತೀನಿ ಅಂದಿದ್ದೆ, ಬಂದೇಬಿಟ್ಟೆ ನೋಡು!" ಬಾಯಿ ತುಂಬ ಮಣ್ಣಿದ್ದರೂ ಅವನಿಗೆ ಸಂತೋಷ.

ಬೇರಕ್ಕ ಮತ್ತೊಂದು ಗಳಿಗೆ ಮೇಲೆ ನೋಡಿದಳು. ಒಂದು ಮೋಡ ಹೋಯಿತು, ಅದರ ಹಿಂದೆ ಒಂದು ಹಕ್ಕಿ ಹೋಯಿತು.

"ಹೂಂ ಕಣೋ, ಬಂದೆ," ಅಂದಳು. "ಸಾಕು, ಮಿಕ್ಕಿದ್ದು ನೀನು ನೋಡಿ ನನಗೆ ಹೇಳು. ಹೋಗಿ ಬರ್ತೀನಿ."

ಸೊಂಟ ಬಗ್ಗಿಸಿ ಅವಳು ಮತ್ತೆ ಕೆಳಗೆ ತಿರುಗಿದಳು. ಕುಡಿಯಪ್ಪ ಮೆಲ್ಲಗೆ ಮೇಲಕ್ಕೆ ತಿರುಗಿದ. ಅಕ್ಕಪಕ್ಕದ ಬೀಜಗಳು ನೋಡಿ ಕಲಿತವು.

ಅದಕ್ಕೇ ಮಕ್ಕಳೇ, ಇವತ್ತು ನೀವು ಗಾಜಿನ ಲೋಟದಲ್ಲಿ ಒದ್ದೆ ಹತ್ತಿ ತುಂಬಿ, ಅವರೆಕಾಳಿಗೆ ಮೊಳಕೆ ಬರಿಸಿ, ಬೇಕೆಂದೇ ಬೇರು ಮೇಲಾಗಿ ತಿರುಗಿಸಿಟ್ಟರೂ ಎರಡು ದಿನದಲ್ಲಿ ಅದು ಬಾಗಿ ಕೆಳಗೇ ಹೋಗುತ್ತದೆ. ಬಾಗುವ ಮೊದಲು ಸ್ವಲ್ಪ ಹೊತ್ತು ಮೇಲೇ ನೋಡುತ್ತಾ ನಿಂತಿರುತ್ತದಲ್ಲ, ಆಗ ಮಾತ್ರ ಅದನ್ನು ಅವಸರಪಡಿಸಬೇಡಿ.